ತೆಳು ಕಬ್ಬಿಣಕ್ಕೆ ಬೆಸುಗೆ: ತೂತು ಬೀಳದಿರಲು ಏನು ಮಾಡಬೇಕು?



ಕೊಟ್ಟಿಗೆಯ ಗೇಟಿನ ಪೈಪು ಬಿಟ್ಟುಕೊಂಡರೆ ಸಣ್ಣ ವೆಲ್ಡಿಂಗ್ ಮಿಷನ್ನಿನಿಂದ ನೀವೇ ಕೂಡಿಸಬಹುದು. ಆದರೆ 2 ಮಿ.ಮೀ. ದಪ್ಪದ ಕಬ್ಬಿಣಕ್ಕೆ ಶಾಖ ಹೆಚ್ಚಾದರೆ ಬೆಸುಗೆಯ ಬದಲು ತೂತು ಬೀಳುತ್ತದೆ.

ಮೊದಲು ತುಕ್ಕು, ಬಣ್ಣ ಉಜ್ಜಿ ತೆಗೆಯಿರಿ. ಅಂಚುಗಳ ನಡುವೆ ಸಂದು ಇರಬಾರದು. 2 ಮಿ.ಮೀ. ರಾಡ್ ಹಾಕಿ, 40ರಿಂದ 60 ಆಂಪಿಯರ್‌ನೊಳಗೆ ಇಟ್ಟು, ಅದೇ ದಪ್ಪದ ಹಳೇ ತುಂಡಿನ ಮೇಲೆ ಪರೀಕ್ಷಿಸಿ. ಒಂದೇ ಸಮನೆ ಉದ್ದಕ್ಕೆ ಎಳೆಯಬೇಡಿ. ಅಂಗುಲಕ್ಕೊಂದು ಚುಕ್ಕೆ ಹಾಕಿ, ಆರಿದ ಮೇಲೆ ಕಿಟ್ಟ ತಟ್ಟಿ ತೆಗೆದು, ನಡುವಿನ ಜಾಗವನ್ನು ಸ್ವಲ್ಪ ಸ್ವಲ್ಪವೇ ತುಂಬಿರಿ.

ಜಿ.ಐ. ಪೈಪಾದರೆ ಬೆಸೆಯುವ ಕಡೆಯ ಸತುವಿನ ಲೇಪ ಉಜ್ಜಿ ತೆಗೆಯಿರಿ. ಸತು ಸುಟ್ಟ ಹೊಗೆ ಒಳಗೆ ಹೋದರೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಏನೂ ಆಗದೆಂಬ ನಂಬಿಕೆಯಿದೆ. ಹಾಲು ದೇಹಕ್ಕೆ ಒಳ್ಳೆಯದೇ, ಆದರೆ ಈ ಹೊಗೆಗೆ ಮದ್ದಲ್ಲ.

ಆದ್ದರಿಂದ ಗೇಟನ್ನು ಬಿಚ್ಚಿ, ರಾಸುಗಳಿಂದಲೂ ಹುಲ್ಲಿನ ಬಣವೆಯಿಂದಲೂ ದೂರ, ಬಯಲಿಗೆ ತನ್ನಿ. ಗಂಜಲದಿಂದ ನೆನೆದ ನೆಲದಲ್ಲಿ ವಿದ್ಯುತ್ ಆಘಾತದ ಭಯವಿದೆ. ಕಣ್ಣಿಗೆ ವೆಲ್ಡಿಂಗ್ ಗಾಜು, ಕೈಗೆ ಒಣ ಚರ್ಮದ ಗವಸು, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

ನೆನಪಿಡಿ: ಅಲ್ಯೂಮಿನಿಯಂ ಹಾಲಿನ ಕ್ಯಾನಿಗೆ ಈ ಕಬ್ಬಿಣದ ರಾಡ್ ಹಿಡಿಯುವುದಿಲ್ಲ.