ಊರು ಬಿಟ್ಟರೂ ಅನ್ನದ ಹಕ್ಕು ಬಿಡದು

ಪುಣೆಯಲ್ಲಿ ನಮ್ಮ ಮನೆಯ ಎದುರು ಒಂದು ಕಟ್ಟಡ ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರುವವರಲ್ಲಿ ಯಾದಗಿರಿ ಕಡೆಯ ಸಂಸಾರಗಳು ಹಲವು. ಒಂದು ಸಂಜೆ ಅವರಲ್ಲೊಬ್ಬ ತಾಯಿ ನಮ್ಮ ಬಾಗಿಲಿಗೆ ಬಂದು, ಚೀಲದಿಂದ ರೇಷನ್ ಕಾರ್ಡು ತೆಗೆದು ತೋರಿಸಿದಳು.

“ಅಣ್ಣಾರ, ಇದು ನಿಮ್ಮ ರಾಜ್ಯದ ಕಾರ್ಡು, ಇಲ್ಲಿ ನಡ್ಯಂಗಿಲ್ಲ ಅಂತ ಅಂಗಡಿಯಂವ ಹಿಂದಕ್ಕ ಕಳಿಸ್ಯಾನ್ರಿ. ಅಕ್ಕಿ ತರಾಕ ನಾವು ಊರಿಗೆ ಹೋಗಬೇಕೇನ್ರಿ?”

ಓದುಗ ಮಿತ್ರರೆ, ಆ ತಾಯಿ ಕೇಳಿದ ಪ್ರಶ್ನೆಗೆ ದೇಶದ ಸರ್ವೋಚ್ಚ ನ್ಯಾಯಾಲಯವೇ ಉತ್ತರ ಹೇಳಿದೆ. ಆ ಉತ್ತರ ಹೊರನಾಡಿನಲ್ಲಿರುವ ನಮಗೆಲ್ಲ ತಿಳಿದಿರಬೇಕು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲಬೇಕು. 2023ರ ಜನವರಿಯಿಂದ ಇದು ಉಚಿತ. ಆದರೆ ಬಹುಕಾಲ ಕಾರ್ಡು ಸ್ವಂತ ಊರಿನ ಒಂದು ನ್ಯಾಯಬೆಲೆ ಅಂಗಡಿಗೆ ಕಟ್ಟುಬಿದ್ದಿತ್ತು. ಹೊಟ್ಟೆಪಾಡಿಗಾಗಿ ಊರು ಬಿಟ್ಟವನಿಗೆ, ಅಕ್ಕಿ ಅತಿಯಾಗಿ ಬೇಕಾದ ಹೊತ್ತಿನಲ್ಲೇ ಅದು ತಪ್ಪುತ್ತಿತ್ತು.

2020ರ ಬೇಸಗೆಯಲ್ಲಿ ಈ ಕೊರತೆ ಎಲ್ಲರ ಕಣ್ಣಿಗೂ ಬಿತ್ತು. ಕೆಲಸವೂ ಕೂಳೂ ಇಲ್ಲದ ಕೂಲಿಗಾರರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಗಳಲ್ಲಿ ನಡೆದರು. ಆ ವರ್ಷದ ಮೇ 26ರಂದು ಸರ್ವೋಚ್ಚ ನ್ಯಾಯಾಲಯ ಯಾರೂ ಅರ್ಜಿ ಹಾಕುವುದನ್ನು ಕಾಯದೆ ತಾನಾಗಿಯೇ ವಿಚಾರಣೆ ಕೈಗೊಂಡಿತು. 2021ರ ಜೂನ್ 29ರಂದು ನ್ಯಾಯಮೂರ್ತಿ ಅಶೋಕ್ ಭೂಷಣ್ ಮತ್ತು ನ್ಯಾಯಮೂರ್ತಿ ಎಂ. ಆರ್. ಶಾ ಅವರ ಪೀಠ ತೀರ್ಪು ನೀಡಿತು. ‘ಒಂದು ದೇಶ, ಒಂದು ರೇಷನ್ ಕಾರ್ಡು’ ಯೋಜನೆಯನ್ನು ಇನ್ನೂ ಜಾರಿಗೆ ತರದ ರಾಜ್ಯಗಳು ಜುಲೈ 31ರೊಳಗೆ ತರಬೇಕು. ಅಸಂಘಟಿತ ಕಾರ್ಮಿಕರನ್ನು ನೋಂದಾಯಿಸುವ ವ್ಯವಸ್ಥೆಯೂ ಅಷ್ಟರೊಳಗೆ ಆಗಬೇಕು ಎಂದಿತು. ‘ಇ-ಶ್ರಮ’ ಎಂಬ ಆ ನೋಂದಣಿ ಆಗಸ್ಟ್ 26ರಂದು ಆರಂಭವಾಯಿತು. 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳೂ ಕಾರ್ಡಿನ ಯೋಜನೆಗೆ ಸೇರಿದ್ದವು.

ಕಾರ್ಡೇ ಇಲ್ಲದವರ ಗತಿಯೇನು? ಇ-ಶ್ರಮದಲ್ಲಿ ಹೆಸರಿದ್ದೂ ಕಾರ್ಡಿಲ್ಲದವರು ಸುಮಾರು 8 ಕೋಟಿ ಮಂದಿ ಎಂದು ಲೆಕ್ಕ ಸಿಕ್ಕಿತು. ಇವರಿಗೆ ಕಾರ್ಡು ಕೊಡಲು 2023ರ ಏಪ್ರಿಲ್ 20ರಂದು ನ್ಯಾಯಾಲಯ ಮೂರು ತಿಂಗಳ ಗಡುವು ವಿಧಿಸಿತು. ಕೆಲಸ ಮುಗಿಯದಿರಲು 2024ರ ಮಾರ್ಚ್‌ನಲ್ಲಿ ಮತ್ತೆ ಎರಡು ತಿಂಗಳ ಗಡುವು ಹಾಕಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಮರುದಿನ ಆ ತಾಯಿಯೊಡನೆ ನಾನೂ ಅಂಗಡಿಗೆ ಹೋದೆ. ತೀರ್ಪಿನ ಮಾತು ಹೇಳಿದ ಮೇಲೆ ಅಂಗಡಿಯವರು ಕಾರ್ಡಿನ ಸಂಖ್ಯೆಯನ್ನು ಯಂತ್ರಕ್ಕೆ ಒತ್ತಿದರು. ಹೆಸರು ಬಂತು. ಆದರೆ ಇಟ್ಟಿಗೆ ಹೊತ್ತು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸಲೊಲ್ಲದು! ಬೆರಳು ಬದಲಿಸಿ ಮೂರನೆಯ ಸಲ ಒತ್ತಿದಾಗ ಒಪ್ಪಿತು.

ಇಲ್ಲಿ ನಮ್ಮ ನಾಡಿನ ಹಿರಿಯರೊಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರದ ಸವಲತ್ತುಗಳಿಗೆ ಆಧಾರ್ ಬಳಸುವುದನ್ನು ಒಪ್ಪಿತು. ಆದರೆ ಬೆರಳಚ್ಚು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರು ವಂಚಿತರಾಗಬಾರದೆಂದೂ ಎಚ್ಚರಿಸಿತು.

ಆ ತಾಯಿ ತನ್ನ ಮತ್ತು ಗಂಡನ ಪಾಲನ್ನಷ್ಟೆ ಪಡೆದಳು. ಊರಿನಲ್ಲಿರುವ ಅತ್ತೆಯ ಪಾಲು ಅಲ್ಲಿಯೇ ಉಳಿಯಿತು. ಹೀಗೆ ಹಂಚಿಕೊಂಡು ಪಡೆಯಲು ಅವಕಾಶವುಂಟು. ಹೊರ ರಾಜ್ಯದಲ್ಲಿ ಸಿಗುವುದು ಕೇಂದ್ರ ಕಾಯ್ದೆಯ ಧಾನ್ಯ ಮಾತ್ರ. ತವರು ರಾಜ್ಯ ತಾನಾಗಿ ಸೇರಿಸುವ ಹೆಚ್ಚುವರಿ ಇದರಲ್ಲಿ ಬಾರದು. ಅಂಗಡಿಯಲ್ಲಿ ನಿರಾಕರಿಸಿದರೆ ಜಿಲ್ಲಾ ಕುಂದುಕೊರತೆ ಅಧಿಕಾರಿಗೂ, ಅಲ್ಲಿ ನ್ಯಾಯ ದೊರೆಯದಿದ್ದರೆ ರಾಜ್ಯ ಆಹಾರ ಆಯೋಗಕ್ಕೂ ದೂರು ಕೊಡಬಹುದು.

ನಮ್ಮ ಸಂಘದ ಬಹುಮಂದಿ ಸದಸ್ಯರಿಗೆ ಈ ಅಕ್ಕಿ ಬೇಕಿರಲಾರದು. ಆದರೆ ನಮ್ಮ ಮನೆಗಳನ್ನು ಕಟ್ಟುವವರು, ಪಾತ್ರೆ ತೊಳೆಯುವವರು ಎಷ್ಟೋ ಕಡೆ ನಮ್ಮದೇ ನುಡಿಯವರು. ಅರ್ಜಿ ಓದಿ ಹೇಳಲು, ಅಂಗಡಿಯವರೆಗೆ ಜೊತೆಗೆ ಹೋಗಲು ನಮಗೆ ಅರ್ಧ ಗಂಟೆ ಸಾಕು. ಆ ರಾತ್ರಿ ಎದುರಿನ ತಗಡಿನ ಗುಡಿಸಿಲಿನಲ್ಲಿ ಒಲೆ ಹೊತ್ತಿದ್ದನ್ನು ನಮ್ಮ ಮನೆಯವರೆಲ್ಲ ಕಿಟಕಿಯಿಂದ ನೋಡಿದೆವು.