ವಾಣಿಜ್ಯ ಬೇಸಾಯಕ್ಕೆ ಉದ್ದ ಟೊಮೆಟೊ ಸಂಕರಣ ತಳಿಯ ಆಯ್ಕೆ: ಕಟ್ಟಾಯ ಹೋಬಳಿಯ ಸದಸ್ಯರ ಗಮನಕ್ಕೆ

ಅಂಗಮಾರಿ ರೋಗದ ಹೊಡೆತಕ್ಕೆ ಸಿಲುಕಿ ಹಾಸನ ಜಿಲ್ಲೆಯಲ್ಲಿ ಆಲೂಗಡ್ಡೆಯ ವಿಸ್ತೀರ್ಣವು ಕಳೆದ ಎರಡು ದಶಕಗಳಲ್ಲಿ ಗಣನೀಯವಾಗಿ ತಗ್ಗಿದೆ. ತೆರವಾದ ಭೂಮಿಗೆ ಟೊಮೆಟೊ ಹಾಕಬಹುದೇ, ಹಾಕುವುದಾದರೆ ಯಾವ ತಳಿ ಎಂಬ ಪ್ರಶ್ನೆ ಗ್ರಾಮಸಭೆಗಳಲ್ಲಿ ಸಹಜವಾಗಿಯೇ ಬರುತ್ತದೆ. ಮಾನ್ಯ ಸದಸ್ಯರು ರೈತರಿಗೆ ತಳಿಯ ಹೆಸರನ್ನು ಸೂಚಿಸುವುದಕ್ಕಿಂತ, ತಳಿಯನ್ನು ಅಳೆಯುವ ಬಗೆಯನ್ನು ತಿಳಿಸುವುದು ಹೆಚ್ಚು ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಮಾರುಕಟ್ಟೆಯಲ್ಲಿ ‘ನಾಟಿ’ ಮತ್ತು ‘ಫಾರಂ’ ಎಂದು ಎರಡು ಬಗೆಯ ಹಣ್ಣುಗಳಿಗೆ ಬೇರೆ ಬೇರೆ ಬೆಲೆ ನಡೆಯುವುದು ಎಲ್ಲರಿಗೂ ತಿಳಿದಿದೆ. ಉದ್ದ ಅಥವಾ ಮೊಟ್ಟೆಯಾಕಾರದ ಹಣ್ಣು ಎರಡನೆಯ ಗುಂಪಿಗೆ ಸೇರಿದ್ದು. ಇದರ ಒಳಗೆ ಬೀಜದ ಕೋಣೆಗಳು ಕಡಿಮೆ, ತಿರುಳು ದಪ್ಪ, ರಸ ಕಡಿಮೆ. ಆದುದರಿಂದ ಕ್ರೇಟಿನಲ್ಲಿ ಜಜ್ಜಿಹೋಗದೆ ಬೆಂಗಳೂರಿಗಾಗಲಿ, ಘಟ್ಟ ಇಳಿದು ಮಂಗಳೂರಿಗಾಗಲಿ ತಲುಪುತ್ತದೆ. ಸಾರಿಗೆ ಹುಳಿ ಬೇಕೆನ್ನುವ ನಮ್ಮ ಮನೆಗಳು ಇಂದಿಗೂ ನಾಟಿ ಹಣ್ಣನ್ನೇ ಆರಿಸುತ್ತವೆ ಎಂಬುದು ಬೇರೆ ಮಾತು. ಉದ್ದ ಹಣ್ಣಿಗೆ ಒಂದು ದೌರ್ಬಲ್ಯವೂ ಉಂಟು. ನೀರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾದರೆ ಸುಣ್ಣದ ಅಂಶ ಹಣ್ಣಿನ ತುದಿಯವರೆಗೆ ಸರಿಯಾಗಿ ತಲುಪದೆ ತುದಿ ಕಪ್ಪಾಗಿ ಕೊಳೆಯುತ್ತದೆ. ಹನಿ ನೀರಾವರಿ ಇಲ್ಲದೆ ನಾಲೆಯ ಸರದಿಯನ್ನೇ ನಂಬಿದ ಹೊಲಕ್ಕೆ ತೀರ ಉದ್ದನೆಯ ತಳಿ ತಕ್ಕುದಲ್ಲ.

ಇಳುವರಿಯ ವಿಷಯದಲ್ಲಿ ಲೆಕ್ಕ ಹಾಕಿಯೇ ಮುಂದುವರಿಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಯು ಗಿಡವೊಂದಕ್ಕೆ 19 ಕಿಲೋ ಹಣ್ಣು ಬಿಟ್ಟಿತೆಂಬ ಸುದ್ದಿ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಆದರೆ ಸಂಸ್ಥೆಯೇ ಹೇಳುವ ಇಳುವರಿ ಹೆಕ್ಟೇರಿಗೆ 75ರಿಂದ 80 ಟನ್. 90 × 60 ಸೆಂ.ಮೀ. ಅಂತರದಲ್ಲಿ ಹೆಕ್ಟೇರಿಗೆ ಸುಮಾರು 18,500 ಗಿಡಗಳು ನಿಲ್ಲುವುದರಿಂದ ಗಿಡವೊಂದಕ್ಕೆ ಬರುವುದು ನಾಲ್ಕು ಕಿಲೋಗಿಂತ ತುಸು ಹೆಚ್ಚು. ಸಾಲ ಮಾಡಿ ಬಂಡವಾಳ ಹೂಡುವ ರೈತರು ಈ ನಾಲ್ಕು ಕಿಲೋವನ್ನೇ ಮೇಲ್ಮಿತಿಯೆಂದು ಹಿಡಿಯುವುದು ಕ್ಷೇಮ.

ಇದೇ ಅಂತರದಲ್ಲಿ ಎಕರೆಗೆ ಸುಮಾರು 7,500 ಗಿಡಗಳು ಬೇಕು. ಹತ್ತರಲ್ಲಿ ಒಂದು ಗಿಡ ಸೊರಗಿ ಸತ್ತರೂ 750 ಗಿಡಗಳು, ಅಂದರೆ ಮೂರು ಟನ್ ಹಣ್ಣು, 15 ಕಿಲೋ ಲೆಕ್ಕದಲ್ಲಿ 200 ಕ್ರೇಟುಗಳು ನಷ್ಟವಾಗುತ್ತವೆ. ಬೀಜದ ಪೊಟ್ಟಣದ ಬೆಲೆಯಲ್ಲಿ ಉಳಿಸುವ ಹಣ ಇದರ ಮುಂದೆ ಏನೇನೂ ಅಲ್ಲ. ಆದಕಾರಣ ರೋಗನಿರೋಧಕ ಗುಣವೇ ಆಯ್ಕೆಯ ಮೊದಲ ಅಳತೆಗೋಲಾಗಬೇಕು. ಹಣ್ಣಿನ ಆಕಾರ, ಬಣ್ಣ ಅನಂತರ.

ನಮ್ಮ ಹೋಬಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಆಲೂಗಡ್ಡೆ ಮತ್ತು ಟೊಮೆಟೊ ಒಂದೇ ಕುಟುಂಬದ ಬೆಳೆಗಳು. ಮುಂಗಾರಿನಲ್ಲಿ ಆಲೂಗಡ್ಡೆಯನ್ನು ಸುಡುವ ಅಂಗಮಾರಿಯೇ ಟೊಮೆಟೊವನ್ನೂ ಸುಡುತ್ತದೆ. ದುಂಡಾಣು ಸೊರಗು ರೋಗದ ಜೀವಾಣು ಮಣ್ಣಿನಲ್ಲಿಯೇ ಉಳಿದು ಎರಡನ್ನೂ ಹಿಡಿಯುತ್ತದೆ. ಆಲೂಗಡ್ಡೆ ಕಿತ್ತ ಹೊಲಕ್ಕೆ ಕೂಡಲೇ ಟೊಮೆಟೊ ನಾಟಿ ಮಾಡುವುದೆಂದರೆ ಹಳೆಯ ರೋಗಕ್ಕೆ ಹೊಸ ಆಹಾರ ಒದಗಿಸಿದಂತೆ. ನಡುವೆ ರಾಗಿ ಅಥವಾ ಮುಸುಕಿನ ಜೋಳ ಬೆಳೆಯುವುದು ಅವಶ್ಯ. ಬದನೆ, ಮೆಣಸಿನಕಾಯಿಗಳೂ ಇದೇ ಕುಟುಂಬದವಾದ ಕಾರಣ ಅವು ಬದಲಿ ಬೆಳೆಯಾಗಲಾರವು. ಹೊಲದಲ್ಲಿ ಸೊರಗು ರೋಗ ಇದೆಯೇ ಎಂದು ತಿಳಿಯಲು ಬಾಡಿದ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಬೇಕು. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ.

ಅರ್ಕಾ ರಕ್ಷಕ್ ಮತ್ತು ‘ಅರ್ಕಾ ಸಾಮ್ರಾಟ್’ ತಳಿಗಳಿಗೆ ಎಲೆ ಮುದುರು, ದುಂಡಾಣು ಸೊರಗು ಹಾಗೂ ಮುಂಚಿನ ಅಂಗಮಾರಿ ಎಂಬ ಮೂರು ರೋಗಗಳ ನಿರೋಧಕತೆ ಇದೆ. ಆಲೂಗಡ್ಡೆಯಲ್ಲಿ ನಾವು ಕಾಣುವುದು ಕೊನೆಯ ಅಂಗಮಾರಿ. ಅದು ಈ ಮೂರರಲ್ಲಿ ಸೇರಿಲ್ಲ. ಅದೇ ಸಂಸ್ಥೆಯ ‘ಅರ್ಕಾ ಅಭೇದ್’ ತಳಿಗೆ ಮಾತ್ರ ಈ ನಾಲ್ಕನೆಯದೂ ಇದೆ. ಮಳೆಗಾಲದ ನಾಟಿಗೆ, ಹಣ್ಣು ಅಷ್ಟು ಉದ್ದನೆಯದಲ್ಲದಿದ್ದರೂ, ಇದನ್ನೇ ಮೊದಲು ಪರಿಗಣಿಸುವುದು ಲೇಸು. ಬಿಳಿನೊಣದ ಹಾವಳಿಯಿರುವ ಬೇಸಿಗೆಯಲ್ಲಿ ಎಲೆ ಮುದುರು ರೋಗದ ನಿರೋಧಕತೆ ಮುಖ್ಯ. ಸಂಸ್ಕರಣಾ ಕಾರ್ಖಾನೆಯೊಡನೆ ಒಪ್ಪಂದವಿದ್ದರೆ ‘ಅರ್ಕಾ ಅಪೇಕ್ಷಾ’ದಂತಹ, ತೊಟ್ಟಿನಲ್ಲಿ ಗಿಣ್ಣಿಲ್ಲದ ತಳಿ ಸೂಕ್ತ, ಕೀಳುವಾಗ ತೊಟ್ಟು ಗಿಡದಲ್ಲೇ ಉಳಿಯುವುದರಿಂದ ಪಕ್ಕದ ಹಣ್ಣಿಗೆ ಚುಚ್ಚುವುದಿಲ್ಲ. ಖಾಸಗಿ ಕಂಪನಿಗಳ ತಳಿಗಳಿಗೂ ಇದೇ ಪ್ರಶ್ನೆಗಳನ್ನು ಕೇಳಬೇಕು. ಪೊಟ್ಟಣದ ಮೇಲೆ ನಿರೋಧಕವೆಂದು ಬರೆದಿದ್ದರೆ ಯಾವ ರೋಗಕ್ಕೆ ಎಂದು ಓದಬೇಕು. ಕಾಯಿಕೊರಕ ಹುಳುವಿಗೆ ಆ ಬರಹದಿಂದ ರಕ್ಷಣೆಯಿಲ್ಲ.

ಬೆಲೆ ಮಾತ್ರ ಯಾವ ತಳಿಯ ಹಿಡಿತದಲ್ಲಿಯೂ ಇಲ್ಲ. 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿ ದಾಟಿದ ಹಣ್ಣು ಅದೇ ವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ನೆಲಕಚ್ಚಿತು. ಹೊಸಬರು ಮೊದಲ ವರ್ಷ ಎರಡು ತಳಿಗಳನ್ನು ಹತ್ತು ಗುಂಟೆಯೊಳಗೆ ಅಕ್ಕಪಕ್ಕದ ಸಾಲುಗಳಲ್ಲಿ ಬೆಳೆದು ನೋಡಲಿ. ಸಂಕರಣ ತಳಿಯ ಹಣ್ಣಿನಿಂದ ಬೀಜ ತೆಗೆದು ಮರುವರ್ಷ ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಪ್ರತಿ ಬಾರಿಯೂ ಬೀಜ ಕೊಳ್ಳಲೇಬೇಕು.

ಕೊಳ್ಳುವಾಗ ಬಿಲ್ಲನ್ನು ಕೇಳಿ ಪಡೆದು, ಲಾಟ್ ಸಂಖ್ಯೆ ಇರುವ ಖಾಲಿ ಪೊಟ್ಟಣವನ್ನು ಕೊಯ್ಲು ಮುಗಿಯುವವರೆಗೆ ಜೋಪಾನವಾಗಿ ಇಡುವಂತೆ ಸದಸ್ಯರು ತಮ್ಮ ವಾರ್ಡಿನ ರೈತರಿಗೆ ತಿಳಿಸಬೇಕಾಗಿ ಕೋರಿದೆ. ನರ್ಸರಿಯಿಂದ ಸಸಿ ತಂದವರು ಸಸಿಯ ಬಿಲ್ಲಿನಲ್ಲಿಯೇ ತಳಿಯ ಹೆಸರು ಮತ್ತು ಲಾಟ್ ಸಂಖ್ಯೆಯನ್ನು ಬರೆಸಿಕೊಳ್ಳಬೇಕು. ಬೀಜ ಕೊಂಡ ರೈತನೂ ಗ್ರಾಹಕನೇ, ಆತ ಗ್ರಾಹಕರ ವೇದಿಕೆಯಲ್ಲಿ ಪರಿಹಾರ ಕೇಳಬಹುದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ನೀಡಿದೆ. ಬೆಳೆಯಲ್ಲಿ ದೋಷ ಕಂಡರೆ ಗಿಡಗಳು ಹೊಲದಲ್ಲಿ ನಿಂತಿರುವಾಗಲೇ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಲಿಖಿತ ದೂರು ನೀಡಬೇಕು. ಗಿಡ ಕಿತ್ತ ಮೇಲೆ ತಪಾಸಣೆಗೆ ಬಂದವರು ನೋಡಲು ಏನೂ ಉಳಿದಿರುವುದಿಲ್ಲ.