ಜಾಲದಲ್ಲಿ ಸುತ್ತು ಮತ್ತು ಅದರ ನಿವಾರಣೆ

ಗಣಕಯಂತ್ರಗಳನ್ನು ಪರಸ್ಪರ ಜೋಡಿಸುವ ‘ಸ್ವಿಚ್’ ಎಂಬುದು ದೀಪದ ಗುಂಡಿಯಲ್ಲ. ‘ಫ್ರೇಮ್’ ಎಂಬ ಸಂದೇಶದ ತುಣುಕನ್ನು ವಿಳಾಸ ನೋಡಿ ತಕ್ಕ ಬಾಗಿಲಿಗೆ ಕಳುಹಿಸತಕ್ಕ ಪೆಟ್ಟಿಗೆಯದು. ವಿಳಾಸವು ಸರ್ವರಿಗೂ ಎಂದಿದ್ದರೆ, ಬಂದ ಬಾಗಿಲೊಂದನ್ನುಳಿದು ಮಿಕ್ಕೆಲ್ಲವುಗಳಿಂದಲೂ ಅದನ್ನು ಹೊರಡಿಸುವುದು. ಅಪಾಯದ ಬೀಜವಿರುವುದು ಈ ನಿಯಮದಲ್ಲಿಯೇ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಎರಡಂತಸ್ತಿನ ಒಂದು ಮಳಿಗೆಯನ್ನು ಭಾವಿಸಿಕೊಳ್ಳಬಹುದು. ಕೆಳಗೊಂದು, ಮೇಲೊಂದು ಸ್ವಿಚ್ಚು. ನಡುವೆ ಒಂದು ತಂತಿ. ಅದು ಕೆಟ್ಟರೆ ಇರಲೆಂದು ಯಾರೋ ಎರಡನೆಯದನ್ನೂ ಎಳೆಯುವರು. ಉದ್ದೇಶವು ಸಾಧುವಾದುದೇ, ಫಲವು ಮಾತ್ರ ವಿಪರೀತ. ಸರ್ವರಿಗೆಂದು ಹೊರಟ ಫ್ರೇಮು ಒಂದು ತಂತಿಯಿಂದೇರಿ, ಮತ್ತೊಂದರಿಂದಿಳಿದು, ಮರಳಿ ಏರುವುದು. ಅಂತರ್ಜಾಲದ ಪ್ಯಾಕೆಟ್ಟಿಗಾದರೆ ಆಯುಸ್ಸಿನ ಎಣಿಕೆಯುಂಟು. ಈಥರ್ನೆಟ್ಟಿನ ಫ್ರೇಮಿಗೆ ಅದಿಲ್ಲ. ಆದುದರಿಂದ ಕ್ಷಣಮಾತ್ರದಲ್ಲಿ ತಂತಿಗಳೆಲ್ಲ ತುಂಬಿ, ಬಿಲ್ಲಿನ ಯಂತ್ರವೂ ಲೆಕ್ಕದ ಯಂತ್ರವೂ ಏಕಕಾಲದಲ್ಲಿ ಮೂಕವಾಗುವುವು. ಗಿರಾಕಿಯು ಹಣ ಹಿಡಿದು ನಿಂತಿರಬೇಕಾಗುವುದು.

ಇದಕ್ಕೆ ಪರಿಹಾರವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿಯು ನಿರೂಪಿಸಿದರು. ಅದರ ಹೆಸರು ‘ಸ್ಪ್ಯಾನಿಂಗ್ ಟ್ರೀ’, ಎಂದರೆ ಎಲ್ಲವನ್ನೂ ಮುಟ್ಟುವ ಮರ. ಜಾಯ್ಸ್ ಕಿಲ್ಮರನ ‘ಟ್ರೀಸ್’ ಎಂಬ ಕವಿತೆಯ ಧಾಟಿಯಲ್ಲಿ ಆಕೆಯು ಇದನ್ನು ಪದ್ಯವಾಗಿಯೂ ಹೇಳಿರುವರು. ಗಣಿತವನ್ನು ಪದ್ಯದಲ್ಲಿ ಹೇಳಿದ ರಾಜಾದಿತ್ಯನ ನಾಡಿನವರಿಗೆ ಇದು ವಿಚಿತ್ರವೆನಿಸಲಾರದು.

ವಿಧಾನವಿಂತಿದೆ: ಸ್ವಿಚ್ಚುಗಳು ತಮ್ಮೊಳಗೊಂದನ್ನು ಬೇರಾಗಿ ಆರಿಸಿಕೊಂಡು, ಅದನ್ನು ಸೇರಲು ಅತ್ಯಲ್ಪ ವೆಚ್ಚದ ಹಾದಿಯನ್ನುಳಿಸಿ, ಸುತ್ತನ್ನುಂಟುಮಾಡುವ ಬಾಗಿಲನ್ನು ಮುಚ್ಚುವುವು. ಎರಡನೆಯ ತಂತಿಯು ವ್ಯರ್ಥವಾಗುವುದಿಲ್ಲ. ಮೊದಲನೆಯದು ಕೆಟ್ಟೊಡನೆ ಮುಚ್ಚಿದ ಬಾಗಿಲು ತೆರೆಯುವುದು. ಹಳೆಯ ಕ್ರಮದಲ್ಲಿ ಇದಕ್ಕೆ 30ರಿಂದ 50 ಸೆಕೆಂಡು ಬೇಕು. 2001ರ ಶೀಘ್ರಕ್ರಮಕ್ಕೆ ಕೆಲವೇ ಸೆಕೆಂಡು ಸಾಕು. ಯಂತ್ರದಲ್ಲಿ ಎರಡೂ ಇದ್ದರೆ ಶೀಘ್ರಕ್ರಮವನ್ನೇ ಆರಿಸತಕ್ಕದ್ದು.

ಬೇರಿನ ಆಯ್ಕೆಯನ್ನು ಯಂತ್ರಗಳಿಗೇ ಬಿಡುವುದು ಸರ್ವಸಾಮಾನ್ಯವಾದ ಪ್ರಮಾದ. ಎಲ್ಲವುಗಳ ಆದ್ಯತಾಂಕವೂ ಮೊದಲಿಗೆ 32768 ಆಗಿರುವುದು. ಅಂಕವು ಸಮವಾದಾಗ, ಯಂತ್ರವಿಳಾಸದ ಸಂಖ್ಯೆ ಯಾವುದರದು ಕಿರಿದೋ ಅದೇ ಗೆಲ್ಲುವುದು. ಅದು ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಪೆಟ್ಟಿಗೆಯೇ ಆಗಿರಬಹುದು! ಆಗ ಎಲ್ಲರ ಸಂಚಾರವೂ ಅದರ ಮೂಲಕ ಬಳಸಿ ಹೋಗಬೇಕಾದೀತು. ಇಲ್ಲಿ ಕಿರಿದೇ ಹಿರಿದು; ಅಂಕಗಳು 4096ರ ಗುಣಕಗಳಾಗಿರಬೇಕು. ಮುಖ್ಯ ಸ್ವಿಚ್ಚಿಗೆ 4096ನ್ನೂ, ಅದರ ಉತ್ತರಾಧಿಕಾರಿಗೆ 8192ನ್ನೂ ಕೊಟ್ಟರೆ ವ್ಯವಹಾರವು ನಿಶ್ಚಿತವಾಗುವುದು.

ಗಣಕಯಂತ್ರಕ್ಕೆ ನೇರವಾಗಿ ಹೋಗುವ ಬಾಗಿಲುಗಳನ್ನು ‘ಅಂಚಿನ ಬಾಗಿಲು’ಗಳೆಂದು ಗುರುತಿಸಿದರೆ ಅವು ಕಾಯದೆ ತೆರೆಯುವುವು. ಆದರೆ ಅವುಗಳಿಗೆ ಕಾವಲನ್ನೂ ಇಡಬೇಕು. ಮತ್ತೊಂದು ಸ್ವಿಚ್ಚಿನ ಸಂದೇಶವು ಅಲ್ಲಿಂದ ಬಂದೊಡನೆ ಆ ಬಾಗಿಲು ತಾನಾಗಿ ಮುಚ್ಚಲಿ. ಪೇಟೆಯ ಅಗ್ಗದ ಪೆಟ್ಟಿಗೆಗಳಲ್ಲಿ ಕೆಲವು ಇಂತಹ ಸಂದೇಶಗಳನ್ನು ದಾಟಿಸದೆ ನುಂಗಿಬಿಡುವುವು. ಅಂತಹವುಗಳಿಗಾಗಿ ‘ಲೂಪ್ ಡಿಟೆಕ್ಷನ್’ ಎಂಬ ಬೇರೊಂದು ಏರ್ಪಾಡು ಹಲವು ಸ್ವಿಚ್ಚುಗಳಲ್ಲಿದೆ. ಅದನ್ನೂ ಚಾಲೂ ಮಾಡಿಡತಕ್ಕದ್ದು.